ಓದುಗರ ಸ್ಪಂದನ: ಮೂರು ಮನೆ ಊಟ, ಒಂದು ನಾಟಕ

ಹೋದ ವಾರ ಶಿವಮೊಗ್ಗದ ಓದುಗಿಯೊಬ್ಬರು ತಮ್ಮ ಪೇಚು ಬರೆದಿದ್ದರು. ಕಾಲೇಜಿನ ಮೂವರು ಗೆಳತಿಯರು ಬೆಂಗಳೂರಿನಲ್ಲಿದ್ದಾರೆ. ಒಬ್ಬಳು ವೈಟ್‌ಫೀಲ್ಡ್, ಒಬ್ಬಳು ರಾಜಾಜಿನಗರ, ಇನ್ನೊಬ್ಬಳು ಜೆ.ಪಿ. ನಗರ. ಶನಿವಾರ ಭಾನುವಾರ ಹೋಗಿ ಎಲ್ಲರನ್ನೂ ನೋಡಿ, ಜೊತೆಗೆ ಒಂದು ನಾಟಕವನ್ನೂ ನೋಡಿ ಬರಬೇಕು ಅಂತ ಆಸೆ. ಮೂರು ಮನೆಯಲ್ಲೂ 'ಊಟ ನಮ್ಮಲ್ಲೇ' ಅಂತ ಹಟ. ಕಳೆದ ಸಲ ಊಟ, ಹರಟೆ, ಟ್ರಾಫಿಕ್ಕು ಅಂತ ನಾಟಕ ತಪ್ಪಿಹೋಯಿತು. ಈ ಸಲ ಜೆ.ಪಿ. ನಗರದ ರಂಗಮಂದಿರ ರಂಗಶಂಕರದಲ್ಲಿ ಶನಿವಾರ ಸಂಜೆ ಏಳೂವರೆಯ ನಾಟಕಕ್ಕೆ ಒಂದು ಟಿಕೆಟ್ ತೆಗೆದಿಟ್ಟಿದ್ದಾರೆ. ಊಟ ಬೇಡ ಅಂದರೆ ಗೆಳತಿಯರಿಗೆ ಬೇಜಾರು, ಹೂಂ ಅಂದರೆ ನಾಟಕ ಹೋಯಿತು. ಏನು ಮಾಡಲಿ ಅಂತ ಕೇಳಿದ್ದರು.

ಜೆ.ಪಿ. ನಗರದಿಂದ ಒಬ್ಬ ಓದುಗ

ಮೇಡಂ, ರಂಗಶಂಕರದಲ್ಲಿ ಏಳೂವರೆ ಅಂದರೆ ಏಳೂವರೆ. ಏಳೂವರೆ ಅಂತ ಕಾರ್ಡು ಹಂಚಿ ಎಂಟೂಕಾಲರವರೆಗೆ ಹಾರ ತುರಾಯಿ ಹಾಕ್ತಾ ಕೂರೋ ಜಾಗ ಅಲ್ಲ ಅದು. ಬಾಗಿಲು ಹಾಕಿದ ಮೇಲೆ ಯಾರನ್ನೂ ಬಿಡೋದಿಲ್ಲ, ಎಷ್ಟು ದೊಡ್ಡವರಾದರೂ. ಒಳ್ಳೇದೇ ಅಲ್ವಾ, ನಾಟಕ ಶುರುವಾದ ಮೇಲೆ ಮೊಬೈಲ್ ಲೈಟ್ ಹಾಕ್ಕೊಂಡು ಸೀಟು ಹುಡುಕುತ್ತಾ ಮಂಡಿ ತುಳಿಯೋರಿಂದ ಬಿಡುಗಡೆ. ಆದ್ದರಿಂದ ಶನಿವಾರ ಎಲ್ಲೇ ಇರಿ, ಏಳು ಗಂಟೆಗೆ ಅಲ್ಲಿರಿ. ಮಧ್ಯಾಹ್ನದ ಊಟ ಜೆ.ಪಿ. ನಗರದ ಗೆಳತಿ ಮನೆಯಲ್ಲೇ ಇಟ್ಟುಕೊಳ್ಳಿ. ಊಟ ನಾಲ್ಕಕ್ಕೆ ಮುಗಿದರೂ ಮುಗಿಯಲಿ, ಒಂದು ನಿದ್ದೆ ಹೊಡೆದು ಎದ್ದು ಆಟೋದಲ್ಲಿ ಹೋದರೂ ಟೈಮಿದೆ. ವೈಟ್‌ಫೀಲ್ಡ್‌ನಲ್ಲಿ ಊಟ ಮಾಡಿ ಇಲ್ಲಿಗೆ ಏಳಕ್ಕೆ ಬರ್ತೀನಿ ಅನ್ನೋರನ್ನ ದೇವರೇ ಕಾಪಾಡಬೇಕು, ಅದೂ ಶನಿವಾರ ಸಂಜೆ ಕಾರಿನಲ್ಲಿ.

ವೈಟ್‌ಫೀಲ್ಡ್‌ನಿಂದ, ಊಟಕ್ಕೆ ಕರೆಯುವ ಗುಂಪಿನವಳು

ನಮ್ಮ ಕಡೆದೂ ಸ್ವಲ್ಪ ಕೇಳಿ. ಊರಿಂದ ಗೆಳತಿ ಬರ್ತಾಳೆ ಅಂದರೆ ನಾವು ಶುಕ್ರವಾರ ರಾತ್ರಿಯೇ ಅಕ್ಕಿ ನೆನೆಸಿ, ಮಸಾಲೆ ರುಬ್ಬಿ, ಮಕ್ಕಳಿಗೆ 'ಆಂಟಿ ಬರ್ತಾರೆ, ರೂಮ್ ಕ್ಲೀನ್ ಮಾಡ್ರೋ' ಅಂತ ಕಿರುಚಿ ಗಂಟಲು ಒಣಗಿಸ್ಕೊಂಡಿರ್ತೀವಿ. ಅವಳು ಬಂದು ಅರ್ಧ ಗಂಟೆಗೊಮ್ಮೆ ಫೋನಿನಲ್ಲಿ ಟೈಮ್ ನೋಡ್ತಾ ಕೂತರೆ ಉರಿಯಲ್ವಾ? ಬೇಜಾರು ಊಟ ಬಿಟ್ಟಿದ್ದಕ್ಕಲ್ಲ. ನಾಟಕ ಇದೆ ಅಂತ ಎಲೆ ಮುಂದೆ ಕೂತ ಮೇಲೆ ಹೇಳ್ತೀರಲ್ಲ, ಅದಕ್ಕೆ. ಟಿಕೆಟ್ ತೆಗೆದ ದಿನವೇ ಒಂದು ಮೆಸೇಜ್ ಹಾಕಿ. 'ಶನಿವಾರ ಸಂಜೆ ನನಗೆ ನಾಟಕ, ಭಾನುವಾರ ಬೆಳಿಗ್ಗೆ ಹತ್ತರಿಂದ ನಿನ್ನ ಮನೆ' ಅಂತ. ನಾನಾಗಿದ್ದರೆ ಹೂಂ ಅಂತಿದ್ದೆ.

ಇನ್ನೊಂದು, ನಮ್ಮಲ್ಲಿಗೆ ಬರೋವಾಗ ಮೆಟ್ರೋ ಹತ್ತಿ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡುತ್ತಿದೆ. ರಾಜಾಜಿನಗರ, ಜೆ.ಪಿ. ನಗರ ಎರಡೂ ಹಸಿರು ಮಾರ್ಗದಲ್ಲಿವೆ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಮುಗೀತು. ದೂರ ದೂರವೇ, ಆದರೆ ಇಷ್ಟು ಹೊತ್ತಿಗೆ ಬರ್ತೀನಿ ಅಂತ ಹೇಳಿ ಬರಬಹುದು.

ತುಮಕೂರಿನ ಓದುಗ

ನೀವು ಹೋಗ್ತಿರೋದು ಗೆಳತಿಯರಿಗೋ ನಾಟಕಕ್ಕೋ? ಅದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ. ಎರಡೂ ಬೇಕು ಅನ್ನೋರಿಗೆ ಎರಡು ವೀಕೆಂಡ್ ಬೇಕು. ಅಷ್ಟೇ.

ಸಾಗರದಿಂದ

ತುಮಕೂರಿನವರು ಖಾರವಾಗಿ ಹೇಳಿದ್ದಾರೆ, ನಾನು ಒಪ್ಪಲ್ಲ. ಆದರೆ ಶಿವಮೊಗ್ಗದಲ್ಲಿ ಕೂತು ನಾಟಕಕ್ಕೆ ಬೆಂಗಳೂರಿಗೆ ಹೋಗ್ತೀನಿ ಅಂದರೆ ನಮಗೆ ಸ್ವಲ್ಪ ನಗು ಬರುತ್ತೆ ಅಕ್ಕಾ! ನಮ್ಮ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1949ರಿಂದ ಇದೆ, ಅದರ ಸಂಚಾರಿ ತಂಡ ತಿರುಗಾಟದವರು 1985ರಿಂದ ಊರೂರು ಸುತ್ತಿ ನಾಟಕ ಆಡ್ತಿದ್ದಾರೆ. ಒಂದು ಸಲ ಆ ಮೂವರನ್ನೂ ನಿಮ್ಮ ಮನೆಗೆ ಕರೆಸಿ ಇಲ್ಲಿಗೆ ಕರ್ಕೊಂಡು ಬನ್ನಿ. ಅವರ ಮನೆಯಲ್ಲಿ ಉಂಡಿದ್ದನ್ನೆಲ್ಲ ನಿಮ್ಮ ಮನೆಯ ಕಡುಬು, ಪತ್ರೊಡೆಯಲ್ಲಿ ತೀರಿಸಿಬಿಡಿ. ಈ ಶನಿವಾರಕ್ಕೆ ಇದು ಉಪಯೋಗ ಇಲ್ಲ, ಗೊತ್ತು.

ಬಸವನಗುಡಿಯ ಹಿರಿಯ ಓದುಗ

ಎಲ್ಲರೂ ಮಧ್ಯಾಹ್ನದ ಊಟದ ಬಗ್ಗೆಯೇ ಮಾತಾಡ್ತಿದ್ದೀರಿ. ಬೆಂಗಳೂರಿನಲ್ಲಿ ಸ್ನೇಹಿತರನ್ನ ನೋಡಬೇಕಾದ ಹೊತ್ತು ಬೆಳಗಿನ ತಿಂಡಿ ಸ್ವಾಮಿ! ರಾಜಾಜಿನಗರದ ಗೆಳತಿಯನ್ನು ಮನೆಯಿಂದ ಎಬ್ಬಿಸಿ ನಮ್ಮ ಬಸವನಗುಡಿಯ ಗಾಂಧಿ ಬಜಾರಿಗೆ ಕರೆಸಿಕೊಳ್ಳಿ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದರೆ ಹೆಚ್ಚು ದೂರವಿಲ್ಲ. ಅಲ್ಲಿನ ಹೋಟೆಲು ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕ್ತಿದೆ, ಶನಿವಾರ ಭಾನುವಾರ ಹೊರಗೆ ಹೆಸರು ಬರೆಸಿ ಕಾಯಬೇಕು. ಕಾದರೇನಂತೆ, ಹರಟೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಒಳಗೆ ಸಪ್ಲೈಯರ್ ಒಂದೇ ಕೈ ಮೇಲೆ ಮೊಣಕೈವರೆಗೂ ದೋಸೆ ತಟ್ಟೆ ಜೋಡಿಸಿಕೊಂಡು, ಜನರ ಮಧ್ಯೆ ಓರೆಯಾಗಿ ನುಸುಳಿ, ಒಂದು ತಟ್ಟೆಯನ್ನೂ ಅಲುಗಿಸದೆ ನಿಮ್ಮ ಮೇಜಿಗೆ ಇಳಿಸಿ ಹೋಗ್ತಾರೆ. ನಾಟಕ ತಪ್ಪಿದರೂ ಇದೊಂದು ನೋಡಿದ ಹಾಗಾಯ್ತು. (ತಮಾಷೆಗೆ ಹೇಳಿದೆ, ನಾಟಕ ತಪ್ಪಿಸಬೇಡಿ.)

ಕಾಯೋಕೆ ಆಗಲ್ಲ ಅಂದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಸಾಂಬಾರ್ ಕೇಳಬೇಡಿ, ಕೊಡಲ್ಲ. ಚಟ್ನಿ ಬೇಕಾದಷ್ಟು ಹಾಕ್ತಾರೆ. ನಿಂತೇ ಇಡ್ಲಿ ವಡೆ ತಿಂದು ಕಾಫಿ ಕುಡಿದು ಹೊರಡೋದು. ಅದು ಭಾನುವಾರ ರಜೆ, ಶನಿವಾರವೇ ಹೋಗಿ. ದಾರಿಯಲ್ಲಿ ವಿ.ವಿ. ಪುರದ ವಿ.ಬಿ. ಬೇಕರಿಯಲ್ಲಿ ಖಾರ ಬನ್ನು, ಕಾಂಗ್ರೆಸ್ ಕಡಲೆಬೀಜ ಕಟ್ಟಿಸಿಕೊಂಡರೆ ಮಿಕ್ಕ ಇಬ್ಬರ ಮನೆಗೆ ಬರಿಗೈಯಲ್ಲಿ ಹೋದ ಹಾಗೂ ಆಗಲ್ಲ.

ಹವ್ಯಾಸಿ ತಂಡವೊಂದರಲ್ಲಿ ಲೈಟು ಹಿಡಿಯುವವನು

ನಾಟಕದ ಕಡೆಯಿಂದ ಒಂದೆರಡು ಮಾತು. ಹೊಟ್ಟೆ ಬಿರಿಯೋ ಹಾಗೆ ಉಂಡು ಎ.ಸಿ. ಹಾಲಿನಲ್ಲಿ ಕೂತರೆ ಎರಡನೇ ದೃಶ್ಯಕ್ಕೆ ತಲೆ ತೂಗುತ್ತೆ. ಮೇಲಿನಿಂದ ನಮಗೆ ಎಲ್ಲಾ ಕಾಣುತ್ತೆ, ಯಾರ ಗದ್ದ ಎದೆಗೆ ತಾಗಿದೆ ಅಂತ ಸಾಲು ಸಮೇತ ಹೇಳಬಲ್ಲೆ. ಆದ್ದರಿಂದ ಅವತ್ತು ಮಧ್ಯಾಹ್ನ ಹಗುರವಾಗಿ ಊಟ ಮಾಡಿ, ಸಂಜೆ ಬೇಗ ಬಂದು ಅಲ್ಲಿನ ಕೆಫೆಯಲ್ಲೇ ಏನಾದರೂ ತಿನ್ನಿ. ಸಾಬೂದಾನ ವಡೆ ಸಿಕ್ಕರೆ ಬಿಡಬೇಡಿ.

ನೀವು ಒಂದೇ ಟಿಕೆಟ್ ಯಾಕೆ ತೆಗೆದಿರಿ ಅಂತ ನನಗೆ ಅರ್ಥವಾಗಲಿಲ್ಲ. ಗೆಳತಿಯರಿಗೆ ನಾಟಕ ಇಷ್ಟ ಇಲ್ಲ ಅಂತ ನೀವು ಎಲ್ಲೂ ಬರೆದಿಲ್ಲ. ಕೇಳಿದ್ದೀರಾ? ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಇದ್ದು ಒಂದು ನಾಟಕವನ್ನೂ ನೋಡದವರು ಬೇಕಾದಷ್ಟು ಜನ ಇದ್ದಾರೆ. ಮನಸ್ಸಿಲ್ಲ ಅಂತಲ್ಲ, ಕರ್ಕೊಂಡು ಹೋಗೋರು ಇರಲ್ಲ. ಬುಕ್‌ಮೈಶೋ ತೆಗೆದು ಸೀಟಿದೆಯಾ ನೋಡಿ, ಇನ್ನು ಮೂರು ತೆಗೆಯಿರಿ, ಅವರಿಗೆ ಕಳಿಸಿ. ಆಗ ಊಟಕ್ಕೆ ಕರೆದವರೇ ಆರು ಗಂಟೆಗೆ 'ಏಳೇ, ಲೇಟಾಯ್ತು' ಅಂತ ನಿಮ್ಮನ್ನ ಎಬ್ಬಿಸ್ತಾರೆ. ಹೊಸಬರಿದ್ದರೆ ಮೊದಲೇ ಹೇಳಿಬಿಡಿ, ಫೋನ್ ಸೈಲೆಂಟ್ ಸಾಲದು, ಆಫ್ ಮಾಡಬೇಕು.

ಮೈಸೂರಿನಿಂದ

ಮೇಲಿನವರ ಮಾತು ಸರಿ, ಆದರೆ ಮೂವರಲ್ಲಿ ಒಬ್ಬಳಿಗಾದರೂ ಚಿಕ್ಕ ಮಕ್ಕಳಿರ್ತಾರೆ, ರಾತ್ರಿ ಹೊರಗೆ ಬರೋಕೆ ಆಗಲ್ಲ. ಅಂಥವರಿಗೆ ಭಾನುವಾರ ಮಧ್ಯಾಹ್ನದ ಆಟ ಇದೆಯಾ ನೋಡಿ, ಎಷ್ಟೋ ತಂಡದವರು ವಾರಾಂತ್ಯದಲ್ಲಿ ಮೂರೂವರೆಗೂ ಒಂದು ಆಟ ಇಟ್ಟಿರ್ತಾರೆ. ಹಾಗೆ ಮಾಡಿದರೆ ಶಿವಮೊಗ್ಗಕ್ಕೆ ವಾಪಸು ಹೋಗೋಕೆ ಸಂಜೆಯ ಜನಶತಾಬ್ದಿ ರೈಲು ಮರೆತುಬಿಡಿ, ರಾತ್ರಿ ತಾಳಗುಪ್ಪ ರೈಲಿಗೆ ಬುಕ್ ಮಾಡಿ. ವೀಕೆಂಡಿನಲ್ಲಿ ಸೀಟು ಬೇಗ ಹೋಗುತ್ತೆ, ಇವತ್ತೇ ನೋಡಿ.

ರಾಜಾಜಿನಗರದಿಂದ ಇನ್ನೊಬ್ಬಳು

ಬಸವನಗುಡಿಯವರು ರಾಜಾಜಿನಗರದವಳನ್ನು ಎಬ್ಬಿಸಿ ದೋಸೆಗೆ ಕರೆಸಿ ಅಂತ ಬರೆದಿದ್ದಾರೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ನನ್ನನ್ನು ಯಾರಾದರೂ ಎಬ್ಬಿಸಿದರೆ ಆ ಸ್ನೇಹ ಅಲ್ಲಿಗೆ ಮುಗಿಯಿತು. ನಮ್ಮ ಪಕ್ಕದ ಮಲ್ಲೇಶ್ವರದಲ್ಲೂ ಬೆಣ್ಣೆ ದೋಸೆ ಸಿಗುತ್ತೆ, ಹತ್ತೂವರೆಗೆ ಬನ್ನಿ.