ದೊಡ್ಡಪ್ಪನ ಮರೆವಿಗೆ ಮಾತ್ರೆ ತರಿಸುವ ಮೊದಲು ಕಿವಿ ತೋರಿಸೋಣ

ಅಕ್ಕಾ, ನಿನ್ನ ಮೆಸೇಜ್ ಈಗ ನೋಡಿದೆ. ದೊಡ್ಡಪ್ಪನಿಗೆ ಮರೆವು ಜಾಸ್ತಿ ಆಗಿದೆ, ನೆನಪಿನ ಶಕ್ತಿಗೆ ಗಿಂಕ್ಗೊ ಅನ್ನೋ ಮರದ ಎಲೆಯಿಂದ ಮಾಡಿದ ಮಾತ್ರೆ ತರಿಸೋಣವಾ ಅಂತ ಕೇಳಿದ್ದೀಯ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪೂರ್ತಿ ಕೇಳು.

ಆ ಮಾತ್ರೆ ಬೇಡ. ಅಮೆರಿಕದಲ್ಲಿ 75 ದಾಟಿದ 3,000ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಅದನ್ನು, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆಯನ್ನು ವರ್ಷಗಟ್ಟಲೆ ಕೊಟ್ಟು ನೋಡಿದ್ದಾರೆ. 2008ರಲ್ಲಿ ಫಲಿತಾಂಶ ಬಂತು. ಡಿಮೆನ್ಶಿಯಾ, ಅಂದರೆ ನೆನಪು, ಯೋಚನಾಶಕ್ತಿ ಕುಗ್ಗುತ್ತಾ ಹೋಗುವ ಕಾಯಿಲೆ, ಅದನ್ನು ತಡೆಯುವುದರಲ್ಲಿ ಗಿಂಕ್ಗೊಗೂ ಔಷಧವೇ ಇಲ್ಲದ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ರಕ್ತಸ್ರಾವದ ಭಯ ಬೇರೆ.

ನನಗೆ ಅನುಮಾನ ಇರುವುದು ಅವರ ಕಿವಿ ಮೇಲೆ. ಹೋದ ಸಲ ವಿಡಿಯೊ ಕಾಲ್‌ನಲ್ಲಿ ನೋಡಿದೆಯಲ್ಲ, ನಾವೆಲ್ಲ ಒಟ್ಟಿಗೆ ಮಾತಾಡುವಾಗ ಸುಮ್ನೆ ನಗುತ್ತಾ ತಲೆ ಆಡಿಸುತ್ತಿದ್ದರು. "ಕನ್ನಡಕ ಸರಿ ಹೋಯ್ತಾ?" ಅಂದರೆ "ಊಟ ಆಯ್ತಮ್ಮಾ" ಅಂದರು. ಮುಂದೆ ಕೂತವರ ಬಾಯಿ ಕಾಣಿಸಿದರೆ ಮಾತ್ರ ಸರಿಯಾದ ಉತ್ತರ. ಅದು ಮರೆವಲ್ಲ ಅಕ್ಕಾ, ಪ್ರಶ್ನೆಯೇ ಕೇಳಿಸಿಲ್ಲ. ಕಿವಿಗೆ ಬೀಳದ್ದು ನೆನಪಲ್ಲಿ ಉಳಿಯುವುದಾದರೂ ಹೇಗೆ? ಅರ್ಧಂಬರ್ಧ ಕೇಳಿಸಿದ್ದನ್ನು ಊಹಿಸಿಕೊಳ್ಳುವುದರಲ್ಲೇ ಮಿದುಳು ಸುಸ್ತಾಗುತ್ತದೆ. ಆಮೇಲೆ ಮಾತುಕತೆಯೇ ಬೇಡ ಅನಿಸಿ ಮೂಲೆ ಹಿಡಿಯುತ್ತಾರೆ. ಜನರ ಒಡನಾಟ ಕಡಿಮೆ ಆದಷ್ಟೂ ಮಿದುಳಿಗೆ ಇನ್ನಷ್ಟು ಪೆಟ್ಟು.

ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ, ಡಿಮೆನ್ಶಿಯಾ ಅಪಾಯ ಹೆಚ್ಚಿಸುವ, ಆದರೆ ನಾವು ಏನಾದರೂ ಮಾಡಬಹುದಾದ 14 ಅಂಶಗಳನ್ನು ಹೇಳಿದೆ. ಅವೆಲ್ಲ ಸರಿ ಹೋದರೆ ಸುಮಾರು ಶೇ 45ರಷ್ಟು ಡಿಮೆನ್ಶಿಯಾ ತಡೆಯಬಹುದು ಇಲ್ಲವೇ ಮುಂದೂಡಬಹುದಂತೆ. ಇದು ಇಡೀ ಜನಸಂಖ್ಯೆಯ ಲೆಕ್ಕ, ಒಬ್ಬರಿಗೆ ಗ್ಯಾರಂಟಿ ಅಂತಲ್ಲ. ಅದರಲ್ಲಿ ತುಂಬಾ ತೂಕ ಇರುವ ಎರಡು ಅಂದರೆ ಕಿವಿ ಮಂದವಾಗುವುದು ಮತ್ತು ನಡುವಯಸ್ಸಿನ ಕೆಟ್ಟ ಕೊಲೆಸ್ಟರಾಲ್. ಎರಡನೆಯದು ನಮಗೆ, ನಮ್ಮ ವಯಸ್ಸಿನವರಿಗೆ. ಗ್ರೂಪ್‌ನಲ್ಲಿ ಇರುವವರೆಲ್ಲ ಕೇಳಿಸಿಕೊಳ್ಳಿ.

ಕಿವಿ ಮಿಷನ್ ಹಾಕಿಸಿದರೆ ಎಲ್ಲರಿಗೂ ನೆನಪು ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಬಂದ ಒಂದು ದೊಡ್ಡ ಪ್ರಯೋಗದಲ್ಲಿ, 70ರಿಂದ 84 ವಯಸ್ಸಿನವರಲ್ಲಿ 3 ವರ್ಷ ನೋಡಿದಾಗ, ಒಟ್ಟಾರೆ ಹೆಚ್ಚು ವ್ಯತ್ಯಾಸ ಬರಲಿಲ್ಲ. ಆದರೆ ಬಿಪಿ, ಶುಗರ್ ಥರದ ತೊಂದರೆ ಜಾಸ್ತಿ ಇದ್ದ ಗುಂಪಿನಲ್ಲಿ ನೆನಪು, ಯೋಚನಾಶಕ್ತಿ ಕುಗ್ಗುವ ವೇಗ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ದೊಡ್ಡಪ್ಪನಿಗೆ ಎರಡೂ ಇದೆ ಅಲ್ವಾ? ನೆನಪಿಗೆ ಸಹಾಯ ಆಗದಿದ್ದರೂ ಮೊಮ್ಮಕ್ಕಳ ಮಾತು ಕೇಳಿಸುತ್ತದೆ, ಅದೇನು ಸಣ್ಣದಾ?

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಅವರ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗು, ನಿದ್ದೆ ಮಾತ್ರೆ, ಶೀತದ ಮಾತ್ರೆ ಕೂಡ. ನಿದ್ದೆ ಬರಿಸುವ ಕೆಲವು ಹಳೆಯ ಅಲರ್ಜಿ ಮಾತ್ರೆಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ನೀನಾಗೇ ಯಾವುದನ್ನೂ ನಿಲ್ಲಿಸಬೇಡ, ಡಾಕ್ಟರನ್ನೇ ಕೇಳು. ಶುಗರ್‌ಗೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ನುಂಗುತ್ತಿದ್ದರೆ ಬಿ12 ಕಡಿಮೆ ಆಗಿರಬಹುದು, ಅದರಿಂದಲೂ ಮರೆವು ಬರುತ್ತದೆ. ಒಂದು ರಕ್ತಪರೀಕ್ಷೆ ಸಾಕು. ಥೈರಾಯ್ಡ್ ಕೂಡ ಅದರಲ್ಲೇ ನೋಡಿಸು.

ಇನ್ನೊಂದು. ದೊಡ್ಡಮ್ಮ ಹೋದ ಮೇಲೆ ಅವರು ಪೇಪರ್ ಓದುವುದನ್ನೂ ಬಿಟ್ಟಿದ್ದಾರೆ ಅಂದೆಯಲ್ಲ, ಅದನ್ನು ಡಾಕ್ಟರಿಗೆ ತಪ್ಪದೇ ಹೇಳು. ಮನಸ್ಸು ಕುಸಿದಾಗಲೂ ಮರೆವು ಹೀಗೇ ಕಾಣಿಸುತ್ತದೆ, ಅದಕ್ಕೆ ಚಿಕಿತ್ಸೆ ಇದೆ.

ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದಲ್ಲೇ, ಏನೇನೋ ಮಾತಾಡತೊಡಗಿದರೆ ಮಾತ್ರ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡ. ಮೂತ್ರದ ಸೋಂಕು ಇರಬಹುದು, ಪಾರ್ಶ್ವವಾಯುವೂ ಇರಬಹುದು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಕಿವಿ ಪರೀಕ್ಷೆಗೆ ಅವರು ಒಪ್ಪದಿದ್ದರೆ ನನಗೆ ಫೋನ್ ಮಾಡು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.