ಮಾಡರ್ನಿಸಂಗೆ ಕನ್ನಡದಲ್ಲಿ ಯಾವ ಪದ: ನವ್ಯವೋ, ಆಧುನಿಕತಾವಾದವೋ?

ಎಲ್ಲರಿಗೂ ನಮಸ್ಕಾರ,

ಯುರೋಪಿನ ಮಾಡರ್ನಿಸಂ (ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸಾಹಿತ್ಯ, ಕಲೆಯಲ್ಲಿ ಹಳೆಯ ರೀತಿಗಳನ್ನು ಮುರಿದ ಚಳವಳಿ) ಬಗ್ಗೆ ಕಾಲೇಜು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಹೆಸರಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಅಭಿಪ್ರಾಯ ಬೇಕು.

ಮಾಡರ್ನಿಟಿ, ಮಾಡರ್ನಿಸಂ ಎರಡಕ್ಕೂ 'ಆಧುನಿಕತೆ' ಅಂತ ಬರೆದುಬಿಡುವುದನ್ನು ಆಗಾಗ ನೋಡುತ್ತೇನೆ. ನನಗಿದು ಒಪ್ಪಿಗೆಯಿಲ್ಲ. ರೈಲು, ಕಾರ್ಖಾನೆ, ದಿನಪತ್ರಿಕೆ, ದೊಡ್ಡ ಪಟ್ಟಣ, ಇವೆಲ್ಲ ಆಧುನಿಕತೆ. ಮಾಡರ್ನಿಸಂ ಎಷ್ಟೋ ಸಲ ಆ ಬದುಕಿನ ಜೊತೆಗೇ ಜಗಳಕ್ಕೆ ನಿಂತ ಕಲೆ. ಕವಿ ಎಲಿಯಟ್ 1922ರ 'ದಿ ವೇಸ್ಟ್ ಲ್ಯಾಂಡ್' ಕವಿತೆಯಲ್ಲಿ, ಲಂಡನ್ ಸೇತುವೆ ಮೇಲೆ ಬೆಳಗ್ಗೆ ಹರಿದು ಹೋಗುವ ಜನರನ್ನು ಸತ್ತವರ ಹಿಂಡಿನ ಹಾಗೆ ತೋರಿಸುತ್ತಾನೆ. ಇದನ್ನೂ 'ಆಧುನಿಕತೆಯ ಲಕ್ಷಣ' ಅಂದರೆ ಓದುವವರಿಗೆ ಗೊಂದಲ ಆಗಲ್ವಾ?

ಮಾಡರ್ನಿಸಂನಲ್ಲಿ ನನಗೆ ಮುಖ್ಯ ಅನ್ನಿಸುವ ಲಕ್ಷಣ ಅಂದರೆ, ಒಂದೇ ಕಡೆಯಿಂದ ನೋಡುವ ನೋಟವನ್ನು ಒಡೆದದ್ದು. ಪಿಕಾಸೋ 1907ರಲ್ಲಿ ಬರೆದ ಐವರು ಹೆಂಗಸರ ಚಿತ್ರದಲ್ಲಿ ಬಲಗಡೆ ಕೆಳಗೆ ಕುಕ್ಕರುಗಾಲಲ್ಲಿ ಕೂತವಳನ್ನು ನೋಡಿ. ಬೆನ್ನು ನಮ್ಮ ಕಡೆಗಿದೆ, ಮುಖವೂ ನಮ್ಮ ಕಡೆಗೇ ಇದೆ! ಒಂದೇ ಕಡೆ ನಿಂತು ನೋಡಿದರೆ ಹೀಗೆ ಕಾಣಲು ಸಾಧ್ಯವೇ ಇಲ್ಲ. ಐರ್ಲೆಂಡಿನ ಜಾಯ್ಸ್‌ನ ಕಾದಂಬರಿ 'ಯುಲಿಸಿಸ್' ಡಬ್ಲಿನ್ ಊರಿನ ಒಂದೇ ದಿನದ ಕತೆ. ಅದರ ಕೊನೆಯ ಅಧ್ಯಾಯದಲ್ಲಿ ಹಾಸಿಗೆಯಲ್ಲಿ ಮಲಗಿದ, ನಾಯಕನ ಹೆಂಡತಿ ಮಾಲಿಯ (Molly) ಯೋಚನೆ ಹೆಚ್ಚುಕಡಿಮೆ ವಿರಾಮಚಿಹ್ನೆಯೇ ಇಲ್ಲದೆ ಪುಟಗಟ್ಟಲೆ ಹರಿಯುತ್ತದೆ. ಇದಕ್ಕೆ 'ಪ್ರಜ್ಞಾಪ್ರವಾಹ' ಅನ್ನುವ ಹೆಸರು ನಮ್ಮಲ್ಲಿ ಚೆನ್ನಾಗಿ ನಿಂತಿದೆ.

'ನವ್ಯ' ನನಗೆ ತುಂಬಾ ಇಷ್ಟದ ಪದ, ಚಿಕ್ಕದು, ಬಾಯಿಗೂ ಸುಲಭ. ಆದರೆ ನವ್ಯ ಅಂದ ಕೂಡಲೇ ನಮ್ಮ ಕನ್ನಡದ ನವ್ಯ ಸಾಹಿತ್ಯ ಚಳವಳಿ, ಅದರ ಕವಿಗಳಾದ ಗೋಕಾಕರು, ಅಡಿಗರು, ಅಡಿಗರ 1954ರ ಕವನಸಂಕಲನ 'ಚಂಡೆಮದ್ದಳೆ', ಆಮೇಲೆ ಅನಂತಮೂರ್ತಿಯವರ ಕಾದಂಬರಿ 'ಸಂಸ್ಕಾರ' ಕಣ್ಣ ಮುಂದೆ ಬರುತ್ತವೆ. ಆ ಚಳವಳಿ ಅದಕ್ಕೂ ಮುಂಚಿನ ನವೋದಯ ಸಾಹಿತ್ಯದ ದಾರಿ ಸಾಕು ಅಂತ ಹೊರಟದ್ದು, ಸ್ವಾತಂತ್ರ್ಯ ಬಂದ ಮೇಲಿನ ನಿರಾಸೆ ಅದರೊಳಗಿದೆ. ಅಡಿಗರ ಮೇಲೆ ಎಲಿಯಟ್ ಪ್ರಭಾವ ಇದೆ ನಿಜ, ಆದರೆ ಎಲಿಯಟ್ ಬರೆದದ್ದು ಮೊದಲ ಮಹಾಯುದ್ಧ ಮುಗಿದ ಯುರೋಪಿನಲ್ಲಿ. ಜಾಯ್ಸ್‌ನನ್ನು ಸುಮ್ನೆ 'ನವ್ಯ ಕಾದಂಬರಿಕಾರ' ಅಂದುಬಿಟ್ಟರೆ ಯುರೋಪಿನವರ ಮತ್ತು ನಮ್ಮ ನವ್ಯರ ಕಾಲ, ದೇಶ ಎರಡೂ ಕಲಸಿಹೋಗುತ್ತವೆ.

ಹಾಗಾಗಿ ಸದ್ಯಕ್ಕೆ 'ಆಧುನಿಕತಾವಾದ' ಅಂತ ಬರೆಯುತ್ತಿದ್ದೇನೆ. ಆದರೆ ಅದರ 'ವಾದ' ಮನಸ್ಸಿಗೆ ಒಗ್ಗುತ್ತಿಲ್ಲ. ಇವರೆಲ್ಲ ಒಂದೇ ವಾದ ಹಿಡಿದವರಲ್ಲ. 1909ರಲ್ಲಿ ಇಟಲಿಯ ಕವಿ ಮರಿನೆಟ್ಟಿ ವೇಗವನ್ನೂ ಮೋಟಾರು ಕಾರನ್ನೂ ಹಾಡಿ ಹೊಗಳಿದ, ಎಲಿಯಟ್‌ಗೆ ಅದೇ ಯಂತ್ರಯುಗ ಬಂಜರಾಗಿ ಕಂಡಿತು.

'ವಾದ' ಬಿಟ್ಟು ಬೇರೆ ಪದ ಬಳಸಿದವರು ಇದ್ದೀರಾ? ಚಿತ್ರಕಲೆ ಕಲಿಸುವವರು ಪಿಕಾಸೋ ಕಾಲದ ಕಲೆಗೆ ತರಗತಿಯಲ್ಲಿ ಏನನ್ನುತ್ತೀರಿ? ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಜಾಸ್ತಿ ಅನುಕೂಲ.