ಪ್ಲೈವುಡ್ ಅಂಚಿನ ಗೆರೆಗಳು ಬಣ್ಣದ ಅಡಿಯಿಂದ ಇಣುಕುತ್ತಿವೆ, ಏನು ಮಾಡಬೇಕು?

ಭಾನುವಾರದ ಬಡಗಿ (ದಾವಣಗೆರೆ):

ಮನೆಯ ಪುಸ್ತಕಗಳಿಗಾಗಿ 18 ಮಿ.ಮೀ. ಪ್ಲೈವುಡ್ಡಿನಲ್ಲಿ ಒಂದು ಕಪಾಟನ್ನು ನಾನೇ ಜೋಡಿಸಿದ್ದೇನೆ. ಲ್ಯಾಮಿನೇಟ್ ಅಂಟಿಸದೆ ಬಿಳಿ ಎನಾಮಲ್ ಹಚ್ಚಬೇಕೆಂಬ ಆಸೆಯಿಂದ, ಗೋಡೆಗೆ ಬಳಸಿ ಉಳಿದಿದ್ದ ಸಿಮೆಂಟ್ ಪುಟ್ಟಿಯನ್ನು ಅಂಚುಗಳಿಗೆ ಬಳಿದು, ಒಣಗಿದ ಮೇಲೆ ಉಜ್ಜಿ, ಎರಡು ಕೋಟ್ ಬಣ್ಣ ಕೊಟ್ಟೆ. ಹಲಗೆಯ ಮೈ ಚೆನ್ನಾಗಿಯೇ ಬಂದಿದೆ. ಅಂಚುಗಳಲ್ಲಿ ಮಾತ್ರ ಪದರಗಳು ಒಂದು ಹೊಳಪು, ಒಂದು ಮಂಕು ಎಂಬಂತೆ ಸಾಲುಸಾಲಾಗಿ ಕಾಣುತ್ತಿವೆ. ಎರಡು ಕಡೆ ಪುಟ್ಟಿ ಹಪ್ಪಳದಂತೆ ಎದ್ದಿದ್ದು, ಉಗುರು ತಾಗಿಸಿದರೆ ಉದುರುತ್ತದೆ. ಮೂರನೆಯ ಕೋಟ್ ಹಚ್ಚಿದರೆ ಗೆರೆಗಳು ಮುಚ್ಚುತ್ತವೆಯೇ, ಅಥವಾ ಎಲ್ಲವನ್ನೂ ಕೆರೆದು ಮೊದಲಿನಿಂದ ಆರಂಭಿಸಬೇಕೇ?

ಬಣ್ಣದ ಡಬ್ಬಿ (ಚಿತ್ರದುರ್ಗ):

ಕೆರೆಯಲೇಬೇಕು, ಆರು ಕೋಟ್ ಹಚ್ಚಿದರೂ ಆ ಗೆರೆಗಳು ಹೋಗುವುದಿಲ್ಲ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಅದಕ್ಕೆ ಅಂಟಿಕೊಂಡ ಪದರದ ಎಳೆ ಅಡ್ಡಕ್ಕಿರುತ್ತದೆಯಾದ್ದರಿಂದ, ಯಾವ ಕಡೆ ಕೊಯ್ದರೂ ಒಂದು ಬಿಟ್ಟು ಒಂದು ಪದರ ತನ್ನ ನಾರುಗಳ ಬಾಯನ್ನು ತೆರೆದುಕೊಂಡೇ ನಿಂತಿರುತ್ತದೆ. ಆ ಬಾಯಿಗಳು ಬಣ್ಣವನ್ನು ಕುಡಿಯುತ್ತವೆ, ಪಕ್ಕದ ಪದರ ಅಷ್ಟು ಕುಡಿಯುವುದಿಲ್ಲ. ನಿಮ್ಮ ಮಂಕು ಗೆರೆಗಳು ಬಣ್ಣ ಒಳಗಿಳಿದ ಜಾಗಗಳು. ಇನ್ನು ಸಿಮೆಂಟ್ ಪುಟ್ಟಿ ಗಟ್ಟಿಯಾಗಲು ಬೇಕಾದ ನೀರನ್ನು ಮರವೇ ಎಳೆದುಕೊಂಡುಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರದ ಮೇಲೆ ಅಂಥ ಬಿರುಸಾದ ಪುಟ್ಟಿ ನಿಲ್ಲುವುದೂ ಇಲ್ಲ.

ಬರಿ ಮರ ಕಾಣುವವರೆಗೆ ಅಂಚನ್ನು ಕೆರೆದು, 80ನೇ ನಂಬರಿನ ಸ್ಯಾಂಡ್‌ಪೇಪರನ್ನು ಮರದ ತುಂಡೊಂದಕ್ಕೆ ಸುತ್ತಿ ಉಜ್ಜಿ, ಆಮೇಲೆ 120ಕ್ಕೆ ಬನ್ನಿ. ಬೆರಳಿನಿಂದ ಒತ್ತಿ ಉಜ್ಜಿದರೆ ಮೆತ್ತನೆಯ ಪದರಗಳು ಬೇಗ ಸವೆದು ಅಂಚು ಅಲೆಅಲೆಯಾಗುತ್ತದೆ. ಚೂಪಾದ ಮೂಲೆಯ ಮೇಲೆ ಬಣ್ಣ ತೆಳುವಾಗಿ ಜಾರಿಬಿಡುವುದರಿಂದ, ಮೂಲೆಯನ್ನು ಒಂದು ಮಿ.ಮೀ.ನಷ್ಟು ದುಂಡಾಗಿಸಿ. ಒಳಪದರಗಳಲ್ಲಿ ತೂತುಗಳಿದ್ದರೆ ಎಂ-ಸೀಲ್ ತುಂಬಿ ಒಂದು ರಾತ್ರಿ ಬಿಡಿ.

ಆಮೇಲೆ ಮರದ ಬಾಯಿ ಕಟ್ಟಬೇಕು. ಸ್ಯಾಂಡಿಂಗ್ ಸೀಲರನ್ನು ಎರಡು ಸಲ, ನಡುವೆ ಒಣಗಲು ಬಿಟ್ಟು, ಅಂಚಿಗೆ ಮಾತ್ರ ಹಚ್ಚಿ 180ರಲ್ಲಿ ಹಗುರವಾಗಿ ಉಜ್ಜಿ. ಬಳಿಕ ಎನ್.ಸಿ. ಪುಟ್ಟಿಯನ್ನು (ಥಿನ್ನರಿನಲ್ಲಿ ಕರಗುವ ನೈಟ್ರೊಸೆಲ್ಯುಲೋಸ್ ಪುಟ್ಟಿ) ಬ್ಲೇಡಿನಿಂದ, ಎಳೆಗಳ ಸಂದಿಗೆ ಒತ್ತುವಂತೆ, ಕಾಗದದಷ್ಟು ತೆಳ್ಳಗೆ ಎಳೆಯಿರಿ. ಅದು ಒಣಗುವಾಗ ಕುಗ್ಗುತ್ತದೆಯಾದ್ದರಿಂದ ಒಂದೇ ಸಲ ದಪ್ಪಗೆ ಮೆತ್ತುವವರು ಮರುದಿನ ಅದೇ ಗೆರೆಯನ್ನು ಮತ್ತೆ ನೋಡುತ್ತಾರೆ; ಮೂರು ತೆಳು ಸುತ್ತು ಬೇಕು. ಈ ಪುಟ್ಟಿಯನ್ನು ಹಲಗೆಯ ಮೈಮೇಲಿರುವ ಎನಾಮಲ್ಲಿಗೆ ತಾಗಿಸಬೇಡಿ. ಅದರ ಥಿನ್ನರ್ ಹಳೆಯ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಅಂಚಿನ ಪಕ್ಕಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ.

220, 320ರಲ್ಲಿ ಉಜ್ಜಿದ ಮೇಲೆ ಕೋಣೆಯನ್ನು ಕತ್ತಲು ಮಾಡಿ, ಮೊಬೈಲಿನ ಟಾರ್ಚನ್ನು ಅಂಚಿಗೆ ಬಹುತೇಕ ತಾಗುವಂತೆ ಓರೆಯಾಗಿ ಹಿಡಿದು ನೋಡಿ. ಹಗಲಿನಲ್ಲಿ ನುಣುಪೆನಿಸಿದ ಅಂಚಿನಲ್ಲಿ ಉತ್ತ ಹೊಲದಂತೆ ಸಾಲುಗಳು ಕಂಡರೆ ಇನ್ನೊಂದು ಸುತ್ತು ಪುಟ್ಟಿ ಬೇಕೆಂದು ಅರ್ಥ. ಕಾಣದಿದ್ದರೆ ವುಡ್ ಪ್ರೈಮರ್ ಹಚ್ಚಿ, ಅದನ್ನೂ ಉಜ್ಜಿ, ಎನಾಮಲ್ ಕೊಡಿ. ಪುಟ್ಟಿಯ ಮೇಲೆ ಪ್ರೈಮರ್ ಬಿಟ್ಟರೆ ಹೊಳಪು ಮತ್ತೆ ತೇಪೆತೇಪೆಯಾಗುತ್ತದೆ.

ಉಳಿ-ಬಾಚಿ (ದಾವಣಗೆರೆ):

ಮೇಲಿನ ಮಾತು ಸರಿಯೇ, ಆದರೆ ಪುಸ್ತಕದ ಕಪಾಟಿನ ಮುಂಭಾಗಕ್ಕೆ ನಾನು ಪುಟ್ಟಿಯನ್ನು ನಂಬುವುದಿಲ್ಲ. ದಿನವೂ ಪುಸ್ತಕ ಎಳೆದು ತಳ್ಳುವ ಅಂಚಿಗೆ ಒಂದು ಪೆಟ್ಟು ಬಿದ್ದರೆ ಪುಟ್ಟಿ ಚಕ್ಕೆಯೇಳುತ್ತದೆ. ಆರು ಮಿ.ಮೀ. ದಪ್ಪದ ತೇಗದ ಪಟ್ಟಿಯನ್ನು ಪ್ಲೈಗಿಂತ ಒಂದೆರಡು ಮಿ.ಮೀ. ಅಗಲವಾಗಿ ಸೀಳಿಸಿ, ಫೆವಿಕಾಲ್ ಮತ್ತು ತಲೆಯಿಲ್ಲದ ಸಣ್ಣ ಮೊಳೆಗಳಿಂದ ಕೂರಿಸಿ, ಅಂಟು ಒಣಗಿದ ಮೇಲೆ ಉಬ್ಬಿದ ಭಾಗವನ್ನು ತೋಪಡದಿಂದ ಹೆರೆದುಬಿಡಿ. ಉದ್ದದೆಳೆಯ ಮರವಾದ್ದರಿಂದ ಅದು ಬಣ್ಣವನ್ನೂ ಹಾಗೆ ಕುಡಿಯುವುದಿಲ್ಲ. ಕೆಲವು ವರ್ಷಗಳಲ್ಲಿ ಕೂಡಿಕೆಯ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಕಾಣಬಹುದು, ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಪುಟ್ಟಿಯೇ ಬೇಕೆಂದರೆ ಕಾರಿನ ಡೆಂಟಿಗೆ ಹಾಕುವ, ಹಾರ್ಡನರ್ ಬೆರೆಸುವ ಪುಟ್ಟಿ ನನ್ನ ಆಯ್ಕೆ. ಅದನ್ನು ಸೀಲರಿನ ಮೇಲಲ್ಲ, ಬರಿ ಮರದ ಮೇಲೆಯೇ ಹಾಕಬೇಕು. ಅದು ಕುಗ್ಗುವುದು ತೀರ ಕಡಿಮೆ, ಆದರೆ ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಕಲಸುತ್ತಿರುವಾಗಲೇ ಕಲ್ಲಾಗುತ್ತದೆ. ನಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು ಒಮ್ಮೆಗೆ ಕಲಸಬೇಡಿ, ಮುಖಕ್ಕೆ ಮಾಸ್ಕ್ ಇರಲಿ.

ಭಾನುವಾರದ ಬಡಗಿ (ದಾವಣಗೆರೆ):

ಇಬ್ಬರಿಗೂ ಧನ್ಯವಾದ. ಕೊಯ್ದು ಉಳಿದಿದ್ದ ಒಂದು ತುಂಡಿನ ಅರ್ಧ ಅಂಚಿಗೆ ಸೀಲರ್ ಹಚ್ಚಿ, ಅರ್ಧವನ್ನು ಹಾಗೆಯೇ ಬಿಟ್ಟು, ಎರಡರ ಮೇಲೂ ಒಂದೇ ಡಬ್ಬಿಯ ಪುಟ್ಟಿ, ಪ್ರೈಮರ್ ಮತ್ತು ಎನಾಮಲ್ ಹಚ್ಚಿ ನೋಡಿದೆ. ಸೀಲರ್ ಇಲ್ಲದ ಅರ್ಧದಲ್ಲಿ, ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಪದರಗಳನ್ನು ಎಣಿಸಬಹುದಾಗಿತ್ತು. ಮುಂಭಾಗಕ್ಕೆ ತೇಗದ ಪಟ್ಟಿ, ಉಳಿದೆಡೆ ಸೀಲರ್ ಮತ್ತು ಪುಟ್ಟಿ ಎಂದು ತೀರ್ಮಾನಿಸಿದ್ದೇನೆ. ಇನ್ನೊಂದು ತೊಂದರೆಯಿದೆ: ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದ ದಿನ ಹಸಿ ಬಣ್ಣದ ಮೇಲೆ ಸಣ್ಣ ಕರಿ ಬಂದು ಕೂರುತ್ತದೆ.

ಬಣ್ಣದ ಡಬ್ಬಿ (ಚಿತ್ರದುರ್ಗ):

ಆಷಾಢದ ಗಾಳಿಯಲ್ಲಿ ನಮಗೂ ಇದೇ ಪಾಡು. ಬೆಳಿಗ್ಗೆ ಗಾಳಿ ಏಳುವ ಮುಂಚೆಯೇ, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ಗಾಳಿ ಬರುವ ದಿಕ್ಕಿನ ಕಿಟಕಿಗೆ ಒದ್ದೆ ಪಂಚೆ ಕಟ್ಟಿ, ಎದುರಿನ ಕಿಟಕಿಯನ್ನು ತೆರೆದಿಟ್ಟು ಕೊನೆಯ ಕೋಟ್ ಹಚ್ಚಿ. ಆದರೂ ಕೂತ ಕರಿಯನ್ನು ಹಸಿಯಲ್ಲಿ ತೆಗೆಯಲು ಹೋಗದೆ, ಎರಡು ದಿನ ಬಿಟ್ಟು 400ರ ವಾಟರ್ ಪೇಪರಿನಿಂದ ಉಜ್ಜಿ ಇನ್ನೊಂದು ತೆಳು ಕೋಟ್ ಕೊಡಿ.